ಹೈದರಸಾಬನ ಕೊನೆಯ ಅಭಿಪ್ರಾಯ

ಕುಷ್ಟಗಿಯ ದಾಳಿಂಬೆ ಶೆಡ್ಡಿನಲ್ಲಿ ಹೈದರಸಾಬನ ಬೆರಳು ಹೇಳಿದ್ದೇ ಕೊನೆಯ ಮಾತು. ತೋಟದಿಂದ ಬಂದ ಹಣ್ಣನ್ನು ಅವನ ಮುಂದೆ ಸುರಿಯುತ್ತಾರೆ. ಅವನು ಒಂದೊಂದನ್ನೇ ಎತ್ತಿ, ತಿರುವಿ, ಉಗುರಿನಿಂದ ಟಕ್ಕೆಂದು ಬಡಿದು, ಸಪ್ಪಳ ಕೇಳಿ ವಿಂಗಡಿಸುತ್ತಾನೆ. ಬಲಕ್ಕೆ ಹೋದದ್ದು ಒಂದನೇ ನಂಬರು, ದೂರದ ಪೇಟೆಗೆ. ಎಡಕ್ಕೆ ಹೋದದ್ದು ಎರಡನೇ ನಂಬರು, ಸುತ್ತಲಿನ ಸಂತೆಗೆ. ಹೊರಗೆ ಕೆಂಪಗಿದ್ದು ಒಳಗೆ ಕೊಳೆತದ್ದನ್ನು ನೋಡದೆಯೇ ಹಿಂದಕ್ಕೆ ಎಸೆಯುತ್ತಾನೆ. ಅದು ಜ್ಯೂಸಿನ ಮಾಲು. ಇಪ್ಪತ್ತೆರಡು ವರ್ಷದಲ್ಲಿ ಅವನ ಬೆರಳು ತಪ್ಪಿತೆಂದು ಹೇಳಿದವರಿಲ್ಲ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಅದೇ ಬೆರಳಿನಿಂದ ಅವನು ಹಾಕಿ ಆಟಗಾರರನ್ನೂ ಬಡಿದು ನೋಡುತ್ತಿದ್ದ. ಊರಿಗೆ ಊರೇ ಕ್ರಿಕೆಟ್ಟಿನ ಹಿಂದೆ ಬಿದ್ದಿರುವಾಗ ಈ ಮನುಷ್ಯನಿಗೆ ಹಾಕಿಯ ಹುಚ್ಚು ಹತ್ತಿದ್ದು ಚಿಕ್ಕಂದಿನಲ್ಲಿ, ಅಪ್ಪನ ರೇಡಿಯೊದಿಂದ. ಹೈಸ್ಕೂಲಿನಲ್ಲಿ ತಾಲ್ಲೂಕು ತಂಡಕ್ಕೆ ಆಡಿದ. ಮೊಣಕಾಲು ಮುರಿದ ಮೇಲೆ ಆಡುವುದು ಬಿಟ್ಟ, ಮಾತಾಡುವುದು ಬಿಡಲಿಲ್ಲ. ಕಾಲಿಗೆ ಆದ ನಷ್ಟವನ್ನು ನಾಲಿಗೆ ತುಂಬಿಕೊಟ್ಟಿತು ಎಂದು ಶೆಡ್ಡಿನ ಹೆಂಗಸರು ನಗುತ್ತಿದ್ದರು.

ಪ್ರತಿ ಚಳಿಗಾಲಕ್ಕೆ ವೃತ್ತಿಪರ ತಂಡಗಳ ಲೀಗ್ ಶುರುವಾದರೆ ಅವನಿಗೆ ಹಬ್ಬ. ಸಟ್ಲೆಜ್ ತಂಡದ ಬಗ್ಗೆ ಅವನ ತೀರ್ಪು ನಾಲ್ಕು ತಾಲ್ಲೂಕಿನಲ್ಲಿ ಹೆಸರಾಗಿತ್ತು: "ಮೊದಲ ಎರಡು ಕ್ವಾರ್ಟರ್ ಹುಲಿ, ಕೊನೀ ಎರಡು ಕ್ವಾರ್ಟರ್ ಹುಲಿಗಿ ಅಮ್ಮಗ ಬಲಿ ಹೊಂಟ ಕೋಳಿ." ವಿದೇಶದ ಆಟಗಾರರ ಹೆಸರಿಗೆ ಅವನ ನಾಲಿಗೆ ಹೊರಳುತ್ತಿರಲಿಲ್ಲ. ತಾನೇ ಹೆಸರಿಟ್ಟುಬಿಡುತ್ತಿದ್ದ. ಚಂಬಲ್ ತಂಡದಲ್ಲಿ ಚೆಂಡನ್ನು ಗುಂಡಿನಂತೆ ಸಿಡಿಸುವ ಆರೂವರೆ ಅಡಿಯ ಬಿಳಿಯನು ಟ್ರ್ಯಾಕ್ಟರ್. ಸಟ್ಲೆಜ್ ತಂಡದ ಸಣಕಲು ಕಾಲಿನವನು ಕೊಕ್ಕರೆ. "ಟ್ರ್ಯಾಕ್ಟರಿಗೆ ತಾಕತ್ತು ಐತಿ, ತಲಿ ಇಲ್ಲ. ಕೊಕ್ಕರಿಗೆ ತಲಿ ಐತಿ, ಆದ್ರ ಮಳಿ ಬಂದ್ರ ಹಾರಿ ಹೋಕ್ಕೈತಿ. ಎರಡನೇ ನಂಬರ ಇಬ್ಬರೂ."

ಈ ಮಾತುಗಳೆಲ್ಲ ಧ್ವನಿ ಸಂದೇಶಗಳಾಗಿ 'ಹಾಕಿ ಹುಚ್ಚರು' ಎಂಬ ವಾಟ್ಸಾಪ್ ಗುಂಪಿಗೆ ಹೋಗುತ್ತಿದ್ದವು. ಗುಂಪು ಕಟ್ಟಿದವನು ಕೊಪ್ಪಳದ ದೈಹಿಕ ಶಿಕ್ಷಕ ಗವಿಸಿದ್ದೇಶ. ಯಲಬುರ್ಗಿಯಿಂದ ಗಂಗಾವತಿಯವರೆಗೆ ಅರವತ್ತು ಜನ ಅದರಲ್ಲಿದ್ದರು, ಹೈದರಸಾಬ ಏನಂದ ಎಂದು ಕಾಯುತ್ತಿದ್ದರು. ಒಬ್ಬ ಹಮಾಲಿಯಂಥ ಮನುಷ್ಯನ ಮಾತಿಗೆ ಇಷ್ಟು ಕಿವಿ ಸಿಕ್ಕರೆ ಅವನ ತಲೆ ನಿಲ್ಲುವುದು ಕಷ್ಟ. ಹೈದರಸಾಬನದೂ ನಿಲ್ಲಲಿಲ್ಲ.

ಆ ಗುಂಪಿನಲ್ಲಿ ಮಾತಾಡದೆ ಬರೀ ಕೇಳುತ್ತಿದ್ದ ಒಂದು ಜೀವವೆಂದರೆ ಅವನ ಅಕ್ಕ ಜೈನಾಬೀ. ಕಾರಟಗಿಯ ರೈಸ್ ಮಿಲ್ಲಿನ ಅಂಗಳದಲ್ಲಿ ಭತ್ತ ಹರವುವುದು, ಒಣಗಿದ್ದನ್ನು ಬಳಿಯುವುದು ಅವಳ ಕೆಲಸ. ಓದು ಬರಹ ಬಾರದು. ಅವಳ ಒಬ್ಬನೇ ಮಗ ತಾಹೇರ ಅದೇ ಲೀಗಿನ ಮಹಾನದಿ ತಂಡದಲ್ಲಿ ಆಡುತ್ತಿದ್ದ. ತಾಹೇರನಿಗೆ ಒಂಬತ್ತು ವರ್ಷವಾದಾಗ ತಂದೆ ತೀರಿಕೊಂಡ. ಆಗ ಅವನನ್ನು ಕುಷ್ಟಗಿಗೆ ಕರೆತಂದು ಕೈಗೆ ಸ್ಟಿಕ್ ಕೊಟ್ಟವನು, ಆಮೇಲೆ ಕ್ರೀಡಾ ಹಾಸ್ಟೆಲಿಗೆ ಸೇರಿಸಿದವನು ಹೈದರಸಾಬನೇ. ಮಗ ಆಡುವುದನ್ನು ನೋಡಲು ಜೈನಾಬೀಗೆ ಎದೆ ಸಾಲದು. ಟೀವಿ ಮುಂದೆ ಕೂತರೆ ಕಣ್ಣು ಮುಚ್ಚುತ್ತಿದ್ದಳು. ಅದಕ್ಕೇ ಅವನು ಅವಳನ್ನೂ ಗುಂಪಿಗೆ ಸೇರಿಸಿ, "ನೋಡಬ್ಯಾಡ ಆಪಾ, ನನ್ನ ಬಾಯಿಂದ ಕೇಳು" ಎಂದಿದ್ದ.

ತಾಹೇರನನ್ನು ಮಾತ್ರ ಸೇರಿಸಿರಲಿಲ್ಲ. ಅದು ಅವನೇ ಮಾಡಿಕೊಂಡ ಕಟ್ಟಳೆ. "ಆಡೋರ ಕಿವಿಗೆ ನೋಡೋರ ಮಾತು ಬೀಳಬಾರದು. ಬಿದ್ರ ಆಟ ಕೆಡತೈತಿ." ಗುಂಪಿನಲ್ಲಿ ಎಷ್ಟು ಹೊಗಳಿದರೂ, ತಾಹೇರನ ಜೊತೆ ಫೋನಿನಲ್ಲಿ ಮಾತಾಡುವಾಗ ಊಟ, ನಿದ್ದೆ, ಮಂಡಿನೋವು ಇಷ್ಟೇ ವಿಚಾರ.

ತಾಹೇರನ ಕೆಲಸ ತಂಡದಲ್ಲೇ ಕಷ್ಟದ್ದು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನೊಳಗಿಂದ ಎಲ್ಲರಿಗಿಂತ ಮೊದಲು ಜಿಗಿದು, ಚೆಂಡು ಹೊಡೆಯುವವನ ಮೇಲೆಯೇ ನೇರ ಓಡುವವನು ಅವನು. ಮುಖಕ್ಕೆ ಜಾಳಿಗೆಯ ಮುಸುಕು, ಮೊಣಕಾಲಿಗೆ ಪಟ್ಟಿ, ಎದೆಗೆ ಅಂಗಿಯೊಂದೇ. ಎದುರಿಗೆ ಕಲ್ಲಿನಂಥ ಚೆಂಡು. ಆ ಓಟವನ್ನು ಕಲಿಸಿದವನೂ ಮಾಮಾನೇ. ಹೈಸ್ಕೂಲಿನ ಕೆಂಪು ನೆಲದಲ್ಲಿ ನೂರು ಸಲ ಓಡಿಸಿ ಹೇಳಿದ್ದ: "ಮೈ ಓರೆ ಇಡು. ಸ್ಟಿಕ್ ನೆಲಕ್ಕ ಇಡು. ಚಂಡು ಸ್ಟಿಕ್ಕಿಗೆ ಬರಬೇಕು, ಮೈಗೆ ಬರಬಾರದು. ನೀ ನನ್ನ ಆಪಾನ ಒಬ್ಬನೇ ಮಗ, ನೆನಪಿರಲಿ."

ಆ ಭಾನುವಾರ ಮಹಾನದಿಗೂ ಚಂಬಲ್‌ಗೂ ಆಟ. ಎರಡು-ಎರಡು ಸಮ, ಮೂರು ನಿಮಿಷ ಬಾಕಿ. ಚಂಬಲ್‌ಗೆ ಕಾರ್ನರ್ ಸಿಕ್ಕಿತು. ಟ್ರ್ಯಾಕ್ಟರ್ ಬಂದು ನಿಂತ. ತಾಹೇರ ಕಲಿತ ಹಾಗೆಯೇ ಮೈ ಓರೆ ಮಾಡಿ ಓಡಿದ. ಚೆಂಡು ಅವನ ಸೊಂಟಕ್ಕೂ ಸ್ಟಿಕ್ಕಿಗೂ ನಡುವಿನ ಗೇಣು ಜಾಗದಲ್ಲಿ ನುಗ್ಗಿ ಗೋಲಿನ ಬಲೆ ಸೇರಿತು. ಮಹಾನದಿ ಸೋತಿತು.

ಮರುದಿನ ಶೆಡ್ಡಿನಲ್ಲಿ ಊಟದ ಬಿಡುವಿಗೆ ಫೋನು ತೆರೆದರೆ ಗುಂಪಿನಲ್ಲಿ ಗವಿಸಿದ್ದೇಶನ ಧ್ವನಿ ಕಾದಿತ್ತು. ಕುಚೇಷ್ಟೆಯ ಮಾತು, ಅಷ್ಟೇ. "ಏನ್ರಿ ಹೈದರಣ್ಣಾ, ಎಲ್ಲಾರಿಗೂ ನಂಬರ ಕೊಡ್ತೀರಿ, ನಿನ್ನಿ ಆಟಕ್ಕ ಬಾಯಿ ಬಿಡವಲ್ರಿ? ಊರ ಮಂದಿಗೆ ಒಂದು ತಕ್ಕಡಿ, ಅಕ್ಕನ ಮಗಗ ಒಂದು ತಕ್ಕಡಿ ಏನ್ರಿ?" ಕೆಳಗೆ ಇಪ್ಪತ್ತು ಜನ ನಗುವ ಮುಖ ಹಾಕಿದ್ದರು.

ತಕ್ಕಡಿಯ ಮಾತು ಅವನಿಗೆ ಚುಚ್ಚಿತು. ಇಪ್ಪತ್ತೆರಡು ವರ್ಷ ಯಾವ ತೋಟದವನ ಮುಲಾಜಿಗೂ ಬಗ್ಗದ ಬೆರಳು ಅದು. ಹಣ್ಣಿನ ರಾಶಿಯ ಮುಂದೆ ನಿಂತೇ ಫೋನನ್ನು ಬಾಯಿ ಹತ್ತಿರ ಹಿಡಿದ.

"ಕೇಳ್ರೆಪಾ. ನನ್ನ ತಕ್ಕಡಿ ಒಂದೇ. ತಾಹೇರ ನಿನ್ನಿ ಜ್ಯೂಸಿನ ಮಾಲು. ಮ್ಯಾಲೆ ಕೆಂಪು, ಒಳಗ ಕೊಳತೈತಿ. ಟ್ರ್ಯಾಕ್ಟರ್ ಎದುರಿಗೆ ಬಂದ ಕೂಡಲೇ ಮೈ ತಿರುವಿದ. ಹೆದರಿದ. ಮೊದಲ ಓಡಾವ ಎದಿ ಕೊಡಬೇಕು. ಎದಿ ಕೊಡಲಾರದವ ಬಳಿ ತೊಟ್ಕೊಂಡು ಮನ್ಯಾಗ ಕುಂದರಲಿ. ಹೊಳ್ಳಿ ಕಾರಟಗಿಗೆ ಕಳಸ್ರಿ, ಮಿಲ್ಲಿನ್ಯಾಗ ಅಕ್ಕಿ ಚೀಲ ಹೊರಲಿ."

ಗುಂಪು ಕುಣಿದಾಡಿತು. ಶಭಾಷ್, ಇದು ನ್ಯಾಯ, ಇದು ಹೈದರಣ್ಣ. ಅವನಿಗೂ ಖುಷಿಯಾಯಿತು. ತಾನೇ ಕಲಿಸಿದ ಓರೆ ಮೈಯನ್ನು ತಾನೇ ಹೇಡಿತನ ಎಂದಿದ್ದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದರೂ ಅರವತ್ತು ಜನರ ಚಪ್ಪಾಳೆಯ ಮುಂದೆ ಅದು ಸಣ್ಣದಾಗಿ ಕಂಡಿತು. ತಾಹೇರನೇನು ಗುಂಪಿನಲ್ಲಿಲ್ಲವಲ್ಲ ಎಂದುಕೊಂಡು, ಅಕ್ಕ ಇದ್ದಾಳೆಂಬುದನ್ನು ಮರೆತು, ಮತ್ತೆ ಹಣ್ಣು ಬಡಿಯತೊಡಗಿದ.

ಬುಧವಾರ ಸಟ್ಲೆಜ್ ತಂಡದೊಂದಿಗೆ ಆಟ. ಎರಡನೇ ಕ್ವಾರ್ಟರಿನಲ್ಲಿ ಸಟ್ಲೆಜ್‌ಗೆ ಕಾರ್ನರ್ ಸಿಕ್ಕಿತು. ಹೊಡೆಯಲು ಬಂದವನು ಕೊಕ್ಕರೆ. ತಾಹೇರ ಗೋಲಿನಿಂದ ಜಿಗಿದ. ಮೈ ಓರೆ ಮಾಡಲಿಲ್ಲ. ಬಾಗಿಲು ತೆರೆದ ಹಾಗೆ ಎದೆಯನ್ನು ಪೂರಾ ಬಿಚ್ಚಿ ಓಡಿದ. ಶೆಡ್ಡಿನ ಟೀವಿಯ ಮುಂದೆ ಹೈದರಸಾಬ "ಲೇ, ಓರೆ! ಓರೆ ಆಗೋ!" ಎಂದು ಕಿರುಚಿದ. ಹೊಡೆತ ಟ್ರ್ಯಾಕ್ಟರಿನದರಷ್ಟು ಜೋರೂ ಇರಲಿಲ್ಲ. ಚೆಂಡು ಎಡ ಎದೆಗೆ ಬಡಿದು ಅಲ್ಲೇ ನೆಲಕ್ಕೆ ಬಿತ್ತು. ತಾಹೇರ ಇನ್ನೂ ಎರಡು ಹೆಜ್ಜೆ ಇಟ್ಟ. ಚೆಂಡನ್ನು ಸ್ಟಿಕ್ಕಿನಿಂದ ಹೊರಕ್ಕೆ ತಳ್ಳಿದ. ಆಮೇಲೆ ಮೊಣಕಾಲೂರಿ ಮುಂದಕ್ಕೆ ಬಿದ್ದ. ಎದೆ ಒತ್ತಿದರು, ಯಂತ್ರ ತಂದರು, ಗಾಡಿ ಬಂತು. ಹೃದಯದ ಎರಡು ಬಡಿತದ ನಡುವೆ, ಕಣ್ಣೆವೆ ಬಡಿಯುವಷ್ಟು ಹೊತ್ತಿನಲ್ಲಿ ಅಲ್ಲೇ ಪೆಟ್ಟು ಬಿದ್ದರೆ ಹೀಗಾಗುತ್ತದಂತೆ, ಸಾವಿರಕ್ಕೆ ಒಬ್ಬರಿಗೂ ಆಗುವುದಿಲ್ಲವಂತೆ. ಡಾಕ್ಟರು ಹೇಳಿದ್ದು ಅಷ್ಟು. ತಾಹೇರನಿಗೆ ಇಪ್ಪತ್ತಮೂರು ವರ್ಷ.

ಶುಕ್ರವಾರ ಜುಮ್ಮಾ ನಮಾಜಿನ ಹೊತ್ತಿಗೆ ಶವ ಕಾರಟಗಿಗೆ ಬಂತು. ಮನೆಯ ಪಕ್ಕದ ಮಿಲ್ಲಿನವರು ಯಂತ್ರ ನಿಲ್ಲಿಸಿದರು. ಜೈನಾಬೀ ಅಳಲಿಲ್ಲ. ಬುಧವಾರ ಸುದ್ದಿ ಕೇಳಿದಾಗ ಅವಳ ಕೈಯಿಂದ ಕಲ್ಲಿನ ಮೇಲೆ ಬಿದ್ದ ಫೋನು ಚೂರಾಗಿತ್ತು. ಆ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದಳು. ಹೈದರಸಾಬ ಅಕ್ಕನ ಮಗನನ್ನು ತನ್ನ ಕೈಯಾರೆ ಮಣ್ಣಿಗಿಳಿಸಿದ. ಇಳಿಸುವಾಗ, ಮೈ ತೊಳೆಯುವ ಹೊತ್ತಿಗೆ ಆ ಎದೆಯ ಮೇಲೆ ಕಂಡ ಅಂಗೈಯಗಲದ ನೀಲಿ ಗುರುತು ನೆನಪಾಯಿತು. ಅದರ ಹಿಂದೆಯೇ ಸೋಮವಾರದ ತನ್ನ ಮಾತೂ ನೆನಪಾಯಿತು. ತಾಹೇರ ಗುಂಪಿನಲ್ಲಿರಲಿಲ್ಲ, ಇರಲಿಲ್ಲ ಎಂದು ಎರಡು ಸಲ ಮನಸ್ಸಿಗೆ ಹೇಳಿಕೊಂಡ.

ಮೂರನೇ ದಿನದ ಜಿಯಾರತಿಗೆ ಜನ ಸೇರಿದ್ದರು. ಕೊಪ್ಪಳದಿಂದ ಗವಿಸಿದ್ದೇಶನೂ ಬಂದು ಗೋಡೆಗೆ ಒರಗಿ ನಿಂತಿದ್ದ. ಗೋರಿಗೆ ಹೂವು ಹಾಕಿ, ಫಾತಿಹಾ ಓದಿ ಮನೆಗೆ ಬಂದ ಮೇಲೆ ಓಣಿಯ ಹಿರಿಯ ಮೆಹಬೂಬಸಾಬ ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಕೇಳಿದ.

"ಹೈದರಸಾಬ, ನೀನು ಆಟ ಬಲ್ಲಾವ. ಹೇಳಪಾ, ತಪ್ಪು ಯಾರದು?"

ಅಭಿಪ್ರಾಯ ಕೇಳಿದರೆ ಸುಮ್ಮನಿರುವುದು ಹೈದರಸಾಬನಿಗೆ ಗೊತ್ತೇ ಇರಲಿಲ್ಲ. ದುಃಖದ ಒತ್ತಡಕ್ಕೆ ಬಾಯಿ ತಾನಾಗಿ ತೆರೆಯಿತು.

"ಕೊಕ್ಕರಿದು ತಪ್ಪಲ್ರಿ. ಅವನ ಕೆಲಸ ಹೊಡ್ಯೂದು. ಹುಡುಗನ ಓಟ ಕೆಟ್ಟಿತ್ತು. ಹದಿನಾಲ್ಕು ವರ್ಷ ಮೈ ಓರೆ ಇಟ್ಟು ಓಡಿದಾವ, ಅವತ್ತ ಎದಿ ಬಿಚ್ಚಿ ಯಾಕ ಓಡಿದ? ಯಾರೋ ಅವನ ತಲಿ ಕೆಡಿಸ್ಯಾರ್ರಿ. ಕೋಚ್ ಇರಬೇಕು, ಭಾನುವಾರ ಸೋತ ಸಿಟ್ಟಿಗೆ ಏನರ ಅಂದಿರಬೇಕು. ಎದಿ ಕೊಡು ಅಂತ ಯಾರು ಆ ಹುಡುಗನ ಕಿವ್ಯಾಗ ಊದ್ಯಾರ, ಅವನ ನಾಲಿಗಿಗೆ ಹುಳ ಬೀಳಲಿ. ಆ ಮಾತು ತಂದು ಮುಟ್ಟಿಸಿದ ಕೈ ಸೇದಿ ಹೋಗಲಿ."

ಒಳಗಿನ ಬಾಗಿಲ ಪರದೆಯ ಹಿಂದಿನಿಂದ ಜೈನಾಬೀಯ ಧ್ವನಿ ಬಂತು. ಮೂರು ದಿನದಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಆಮೀನ್."

ಗವಿಸಿದ್ದೇಶ ತಲೆ ತಗ್ಗಿಸಿ ಚಪ್ಪಲಿ ಹುಡುಕಿಕೊಂಡು ಹೊರಟುಹೋದ. ಯಾಕೆ ಹೀಗೆ ಹೇಳದೆ ಹೋದ ಎಂದು ಹೈದರಸಾಬನಿಗೆ ಆಗ ತಿಳಿಯಲಿಲ್ಲ.

ಜನ ಕರಗಿದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ, ಜೈನಾಬೀ ತಮ್ಮನನ್ನು ಒಳಗೆ ಕರೆದಳು. ಶವದ ಜೊತೆ ಬಂದ ಚೀಲ ಬಿಚ್ಚಿ ಕೂತಿದ್ದಳು. ಮಡಿಸಿದ ಅಂಗಿಗಳು, ಒಂದು ತಸ್ಬಿ ಮಣಿಸರ, ಬೂಟು, ತಾಹೇರನ ಫೋನು. ಫೋನನ್ನು ಅವನ ಕೈಗಿಟ್ಟಳು.

"ಇದನ್ನ ತೆಗಿ ಹೈದರ. ನಂಬರ ಹದಿನೇಳು ಹದಿನೇಳು. ಅವನ ಅಂಗಿ ನಂಬರ ಎರಡು ಸಲ. ನನ್ನ ಮಗನ ದನಿ ಅದರಾಗ ಐತಿ. ಮಂಗಳವಾರ ನನಗ ಕಳಿಸಿದ್ದ. ನನ್ನ ಫೋನಿನ್ಯಾಗ ಇತ್ತು, ಅದು ಒಡೀತು."

ಅವನು ತೆರೆದ. ಮೊದಲಿಗೆ 'ಅಮ್ಮಾ' ಎಂಬ ಹೆಸರು, ಅವಳ ಚಿತ್ರ. ಮುಟ್ಟಿದ. ಸಾಲುಸಾಲು ಧ್ವನಿ ಸಂದೇಶಗಳು. ಕೊನೆಯದೊಂದು ಬಿಟ್ಟು ಎಲ್ಲ ಅಮ್ಮಾ ಕಳಿಸಿದ್ದು, ಅವೆಲ್ಲದರ ಮೇಲೆ ಬೇರೆ ಕಡೆಯಿಂದ ಬಂದದ್ದನ್ನು ದಾಟಿಸಿದ ಗುರುತು. ಹೈದರಸಾಬನಿಗೆ ಅರ್ಥವಾಗಲಿಲ್ಲ.

"ಇವೆಲ್ಲ ಏನು ಆಪಾ?"

"ನಿನ್ನವ. ನೀ ಗುಂಪಿನ್ಯಾಗ ಮಾತಾಡಿದ್ದು. ನೀ ಅವಗ ಎದುರಿಗೆ ಒಂದು ಛಲೋ ಮಾತು ಆಡಂಗಿಲ್ಲ. ಹಿಂದ ಎಷ್ಟು ಹೊಗಳ್ತಿ, ಕೇಳಲಿ ಅಂತ ನಾನೇ ಕಳಸ್ತಿದ್ದೆ. ಎರಡು ವರ್ಷ ಆತು. ನಿನ್ನ ದನಿ ಬಂದ ಕೂಡ್ಲೆ ಮೊದಲ ಅವಗ ಕಳಸೂದು, ಆಮ್ಯಾಲೆ ನಾ ಕೇಳೂದು. ಬಿಸಿ ಬಿಸಿ ಮುಟ್ಟಲಿ ಅಂತ." ಮೂರು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗುವಿನಂಥದೇನೋ ಕಂಡಿತು. "ಮಾಮಾಗ ಹೇಳಬ್ಯಾಡಮ್ಮಾ ಅಂತಿದ್ದ ಕಳ್ಳ. ಹೇಳಿದ್ರ ಹೊಗಳೂದು ಬಿಡ್ತಾನ ಅಂತ."

ಹೈದರಸಾಬನ ಹೆಬ್ಬೆರಳು ಕೊನೆಯ ಎರಡು ಸಂದೇಶಗಳ ಹತ್ತಿರ ಬಂದು ನಿಂತಿತು. ಒಂದು ಸೋಮವಾರದ್ದು, ಮಧ್ಯಾಹ್ನ ಎರಡಕ್ಕೆ ಐದು ನಿಮಿಷ. ಅದು ಅವನದು. ತಾಹೇರ ಕೇಳಿದ್ದಾನೆಂಬ ನೀಲಿ ಗುರುತು ಅದರ ಮೇಲೆ ಬಿದ್ದಿತ್ತು. ಅದರ ಕೆಳಗೆ ಮಂಗಳವಾರ ಬೆಳಿಗ್ಗೆ ತಾಹೇರನದು.

"ಹಚ್ಚಪಾ ಅವಂದು" ಎಂದಳು ಜೈನಾಬೀ.

ಹಚ್ಚಿದ. ತಾಹೇರನ ಧ್ವನಿ ಆ ಸಣ್ಣ ಕೋಣೆಯಲ್ಲಿ ತುಂಬಿಕೊಂಡಿತು. "ಅಮ್ಮಾ, ಮಾಮಾಂದು ಕೇಳಿದೆ. ಮಾಮಾಗ ಹೇಳು, ನಾಳೆ ಎದಿ ಕೊಟ್ಟು ಓಡ್ತೀನಿ ಅಂತ. ಸಿಟ್ಟು ಮಾಡ್ಕೋಬ್ಯಾಡ ಅಂತ ಹೇಳು. ಆಟ ಮುಗಿದ ಮ್ಯಾಲೆ ಫೋನ್ ಮಾಡ್ತೀನಿ."

ಅವಳು ಮೂರು ಸಲ ಹಚ್ಚಿಸಿದಳು. ಮೂರೂ ಸಲ ಹೈದರಸಾಬ ನೆಲ ನೋಡುತ್ತಿದ್ದ. ಆಮೇಲೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಈಗ ಅದರ ಮ್ಯಾಲಿಂದು ಹಚ್ಚು. ನೀ ಹೇಳಿದ್ದು. ಅವತ್ತ ಮಿಲ್ಲಿನ್ಯಾಗ ಭತ್ತದ ಲಾರಿ ಬಂದಿತ್ತು, ಅವಗ ಕಳಿಸಿದೆ, ನಾ ಕೇಳಲಿಲ್ಲ. ಆಮ್ಯಾಲೆ ಕೇಳಿದ್ರಾತು ಅಂತ ಬಿಟ್ಟೆ, ಬುಧವಾರ ಫೋನೇ ಒಡೀತು. ನನ್ನ ಮಗ ಕೇಳಿದ ನಿನ್ನ ಕೊನೀ ಮಾತು ಅದು. ನಾನೂ ಕೇಳ್ತೀನಿ."

ಸತ್ಯ ಹೇಳಿಬಿಡಬೇಕೆಂದು ಹೈದರಸಾಬ ಬಾಯಿ ತೆರೆದದ್ದು ನಿಜ. ಕೊಂದವನು ನಾನು ಆಪಾ ಎನ್ನಬೇಕು, ಅವಳ ಕಾಲು ಹಿಡಿಯಬೇಕು, ಅವಳು ಚಪ್ಪಲಿಯಿಂದ ಹೊಡೆದರೆ ಹೊಡೆಸಿಕೊಳ್ಳಬೇಕು. ಅಷ್ಟಾದರೂ ಅವನಿಗೆ ಹಗುರಾಗುತ್ತಿತ್ತು. ಆದರೆ ಹಾಗೆಂದ ಮರುಕ್ಷಣವೇ ಅವಳು ಕೇಳುತ್ತಾಳೆ, ಆ ಮಾತು ಅವನಿಗೆ ಹೇಗೆ ಮುಟ್ಟಿತು ಎಂದು. ಕೇಳುವುದೂ ಬೇಡ, ಅವಳಿಗೇ ಹೊಳೆಯುತ್ತದೆ. ಮುಟ್ಟಿಸಿದ ಕೈ ಸೇದಿ ಹೋಗಲಿ ಎಂದು ತಾನು ಶಪಿಸಿದ್ದು, ಅವಳು ಆಮೀನ್ ಎಂದದ್ದು ಇದೇ ಬೆಳಿಗ್ಗೆ. ತನ್ನ ಪಾಪವನ್ನು ಹೇಳಿಕೊಂಡರೆ ಅರ್ಧ ಪಾಪ ಅವಳ ಕೈಗೆ ಹೋಗುತ್ತಿತ್ತು. ಮಗನನ್ನು ಕಳೆದುಕೊಂಡ ತಾಯಿ ಆ ಕೈಯಿಂದ ಮತ್ತೆ ಹೇಗೆ ಉಣ್ಣುತ್ತಾಳೆ?

ಅವನ ಹೆಬ್ಬೆರಳು ಸೋಮವಾರದ ಸಂದೇಶವನ್ನು ಒತ್ತಿ ಹಿಡಿಯಿತು. ಅಳಿಸಿತು.

"ಅದು ಹಾಳಾಗೇತಿ ಆಪಾ. ಹತ್ತವಲ್ದು."

"ಹಂಗಾದ್ರ ಬಾಯಿಲೆ ಹೇಳು. ನೀ ಏನಂದಿದ್ದಿ ನಿನಗ ನೆನಪಿರಬೇಕಲ್ಲ. ಎದಿ ಕೊಟ್ಟು ಓಡ್ತೀನಿ ಅಂತ ಯಾಕ ಅಂದ ಅವ?"

ಎಷ್ಟೋ ಆಟಗಾರರಿಗೆ ಕೂತಲ್ಲೇ ನಂಬರು ಕೊಟ್ಟ ಹೈದರಸಾಬನಿಗೆ ಆ ನಾಲ್ಕು ಮಾತು ಕೂಡಿಸಲು ಬಹಳ ಹೊತ್ತು ಬೇಕಾಯಿತು.

"ನಾ ಅಂದಿದ್ದೆ... ತಾಹೇರ ಒಂದನೇ ನಂಬರ. ಹೊರಗೂ ಕೆಂಪು, ಒಳಗೂ ಕೆಂಪು. ಒಂದು ಚಂಡು ತಪ್ಪಿದ್ರ ಏನಾತು, ಟ್ರ್ಯಾಕ್ಟರ್ ಮುಂದ ಓಡೂದಕ್ಕ ಎದಿ ಬೇಕು. ಅಂಥ ಎದಿ ನಮ್ಮ ನಾಲ್ಕು ತಾಲ್ಲೂಕಿನ್ಯಾಗ ಒಬ್ಬನಿಗೇ ಐತಿ. ಅವ ನನ್ನ ಆಪಾನ ಮಗ. ಹಿಂಗ ಅಂದಿದ್ದೆ. ಅದಕ್ಕೇ ಅವ, ಎದಿ ಕೊಟ್ಟು ಓಡ್ತೀನಿ, ಅಂತ..."

ಜೈನಾಬೀ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೊರಗೆ ಮಿಲ್ಲಿನ ಯಂತ್ರ ಮತ್ತೆ ಶುರುವಾಗಿತ್ತು. ಆಗ ಅವಳು ಅತ್ತಳು, ಮೂರು ದಿನದ್ದನ್ನೂ ಒಟ್ಟಿಗೆ ಅತ್ತಳು. ಅತ್ತು ಮುಗಿದ ಮೇಲೆ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು.

"ಅಷ್ಟು ಛಲೋ ಮಾತು ಕೇಳಿ ಹೋದ ನನ್ನ ಮಗ. ನಾನೇ ಮುಟ್ಟಿಸಿದೆನಲ್ಲ ಹೈದರ, ಈ ಕೈಲೆ. ಅಷ್ಟು ಸವಾಬು, ಅಷ್ಟು ಪುಣ್ಯ ನನಗ ಸಿಕ್ತು."

ಹೈದರಸಾಬ ಎದ್ದು ಹೊರಗೆ ಹೋಗಿ ಹೊಟ್ಟಿನ ರಾಶಿಯ ಪಕ್ಕ ವಾಂತಿ ಮಾಡಿದ. ಅಲ್ಲಿಂದಲೇ ಗವಿಸಿದ್ದೇಶನಿಗೆ ಫೋನು ಮಾಡಿ, ಗುಂಪು ಮುಚ್ಚಿಬಿಡು ಎಂದ. ಯಾಕೆ ಎಂದು ಗವಿಸಿದ್ದೇಶ ಕೇಳಲಿಲ್ಲ. "ಆತು ಹೈದರಣ್ಣಾ" ಎಂದ. ಆಮೇಲೆ, "ತಕ್ಕಡಿ ಮಾತು ನಾನೇ ತೆಗದದ್ದು" ಎಂದ.

ಲೀಗ್ ನಡೆಯಿತು, ಯಾರೋ ಗೆದ್ದರು. ಶೆಡ್ಡಿನಲ್ಲಿ ಯಾರಾದರೂ ಆಟದ ಮಾತೆತ್ತಿದರೆ ಹೈದರಸಾಬ ಎದ್ದು ನೀರು ಕುಡಿಯಲು ಹೋಗುತ್ತಾನೆ. ಹಣ್ಣು ಬಡಿಯುವ ಬೆರಳೂ ಮೊದಲಿನಂತಿಲ್ಲ. ಒಂದೇ ಹಣ್ಣನ್ನು ನಾಲ್ಕು ಸಲ ಬಡಿದು, ಯಾವ ಕಡೆ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಲ್ಲುತ್ತಾನೆ.

ನಲವತ್ತನೇ ದಿನದ ಚಾಳೀಸು ಮುಗಿದರೂ ಶುಕ್ರವಾರ ಕೆಲಸ ಬಿಟ್ಟು ತಾವರಗೇರಿ ಮಾರ್ಗದ ಬಸ್ಸು ಹಿಡಿದು ಕಾರಟಗಿಗೆ ಹೋಗುವುದು ಅವನಿಗೆ ತಪ್ಪಿಲ್ಲ. ಜೈನಾಬೀ ಚಹಾ ಕೊಟ್ಟು ಎದುರು ಕೂತು, "ಹೇಳು" ಎನ್ನುತ್ತಾಳೆ. ಅವನು ಹೇಳುತ್ತಾನೆ. ಒಂದಕ್ಷರ ಅತ್ತಿತ್ತ ಆಗಬಾರದು, ಅವಳಿಗೆ ಬಾಯಿಪಾಠವಾಗಿಬಿಟ್ಟಿದೆ. ಮೊನ್ನೆ ಶುಕ್ರವಾರ ಒಂದು ಮಾತು ಬಿಟ್ಟುಹೋಯಿತು.

"ಹಂಗಲ್ಲೋ ಹೈದರ" ಎಂದಳು ಜೈನಾಬೀ, ಮಗುವಿಗೆ ಹೇಳಿಕೊಡುವ ಹಾಗೆ. "ಒಳಗೂ ಕೆಂಪು ಅಂದಿದ್ದಿ. ಅದನ್ನ ಬಿಟ್ಟಿ. ಹೊಳ್ಳಿ ಹೇಳು."

ಹೈದರಸಾಬ ಚಹಾದ ಬಟ್ಟಲು ಕೆಳಗಿಟ್ಟು ಮೊದಲಿನಿಂದ ಹೇಳಿದ.